ಮಾತ್ರೆ ನುಂಗಿ ನಾಯಿ ನೋಡಲು ಹೋದರೆ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬಿಟ್ಟಿದ್ದೇನೆ. ಗಂಡ, ಹೆಂಡತಿ, 10 ವರ್ಷದ ಮಗಳು, ಇಷ್ಟು ಸಾಕು. ಹೆಂಡತಿಗೆ ಚಿಕ್ಕಂದಿನಿಂದ ಅಲರ್ಜಿ, ಜೊತೆಗೆ ಹತೋಟಿಯಲ್ಲಿರುವ ಅಸ್ತಮಾ. ಮಗಳಿಗೆ ನಾಯಿ ಬೇಕು. ತರುತ್ತೇನೆಂದು ಅಪ್ಪ ಮಾತು ಕೊಟ್ಟಾಗಿದೆ. ಕೌಟುಂಬಿಕ ಸಲಹೆಗೆಂದು ಅವರು ನನ್ನ ಬಳಿ ಬಂದದ್ದು ನಾಯಿಯ ವಿಚಾರಕ್ಕಲ್ಲ, ಮನೆಯಲ್ಲಿ ಮಾತುಮಾತಿಗೆ ಜಗಳವೆಂದು. ಎರಡನೆಯ ಭೇಟಿಯ ಹೊತ್ತಿಗೆ ಜಗಳದಲ್ಲಿ ಅರ್ಧ ಪಾಲು ಇನ್ನೂ ಮನೆಗೆ ಬರದ ನಾಯಿಯದೇ ಎಂದು ತಿಳಿಯಿತು.

ಇಂಥ ಪ್ರಕರಣ ಮತ್ತೆಮತ್ತೆ ಬರುತ್ತದೆ, ಬರುವಾಗ ಕೈಯಲ್ಲೊಂದು ಪಟ್ಟಿ ಇದ್ದೇ ಇರುತ್ತದೆ. ಈ ಗಂಡನ ಪಟ್ಟಿಯಲ್ಲಿ ಮಾಲ್ಟೀಸ್, ಶಿಟ್ಸು, ಟಾಯ್ ಪೂಡಲ್ ಇದ್ದವು. ಎಲ್ಲವೂ ಪುಟ್ಟ ತಳಿಗಳು, ಕೂದಲು ಹೆಚ್ಚು ಉದುರದವು, ಮಾರುವವರ ಮಾತಿನಲ್ಲಿ ‘ಹೈಪೋಅಲರ್ಜೆನಿಕ್’, ಅಂದರೆ ಅಲರ್ಜಿ ಕಡಿಮೆ ತರುವಂಥವು.

ಆ ಪದವನ್ನು ಮೊದಲು ಪಕ್ಕಕ್ಕಿಡಬೇಕಾಯಿತು. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರಗಳಲ್ಲಿರುವ ಪ್ರೋಟೀನುಗಳು. ಇವುಗಳಲ್ಲಿ ಮುಖ್ಯವಾದದ್ದು ಕ್ಯಾನ್ ಎಫ್ 1. ಕೂದಲು ಅದನ್ನು ಹೊತ್ತು ತಿರುಗುತ್ತದೆ, ಅಷ್ಟೇ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 173 ಮನೆಗಳ ಧೂಳಿನಲ್ಲಿ ಇದನ್ನು ಅಳೆಯಿತು. ‘ಹೈಪೋಅಲರ್ಜೆನಿಕ್’ ತಳಿಯ ಮನೆಗೂ ಉಳಿದವಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮರುವರ್ಷದ ಡಚ್ ಅಧ್ಯಯನದಲ್ಲಂತೂ ಪೂಡಲ್, ಲ್ಯಾಬ್ರಡೂಡಲ್ (ಲ್ಯಾಬ್ರಡಾರ್-ಪೂಡಲ್ ಮಿಶ್ರತಳಿ) ಮುಂತಾದವುಗಳ ಕೂದಲಿನಲ್ಲೇ ಕ್ಯಾನ್ ಎಫ್ 1 ಹೆಚ್ಚಿತ್ತು. ಲ್ಯಾಬ್ರಡೂಡಲ್ ಹುಟ್ಟಿದ ಕಥೆಯೇ ಬೇಕಾದ ಪಾಠ ಹೇಳುತ್ತದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಅದನ್ನು ಬೆಳೆಸಿದ್ದು ಹವಾಯಿಯ ಅಂಧ ಮಹಿಳೆಯೊಬ್ಬರಿಗಾಗಿ. ಅವರ ಗಂಡನಿಗೆ ನಾಯಿ ಆಗುತ್ತಿರಲಿಲ್ಲ. ಮೂರು ಮರಿಗಳ ಕೂದಲು, ಜೊಲ್ಲುಗಳನ್ನು ಹವಾಯಿಗೆ ಕಳಿಸಿ ನೋಡಿದರೆ ಆ ಗಂಡನಿಗೆ ಒಗ್ಗಿದ್ದು ಒಂದೇ. ಅದೇ ಸೂಲಿನ ಉಳಿದೆರಡು ಆಗಲಿಲ್ಲ. ಆ ಎರಡನ್ನು ಮರೆತು ಒಂದನ್ನು ಮಾತ್ರ ನೆನಪಿಟ್ಟುಕೊಂಡದ್ದು ಜಾಹೀರಾತು.

ಹಾಗಾಗಿ ತಳಿ ಬಿಡಿ, ಒಂದು ನಿರ್ದಿಷ್ಟ ನಾಯಿಯನ್ನು ಹಿಡಿದು ನೋಡಿ ಎಂದೆ. ಪರಿಚಯದವರ ಮನೆಯ ಶಿಟ್ಸು ಒಂದನ್ನು ಮೂರು ಬಾರಿ ಹೋಗಿ ನೋಡಿ ಬಂದರು. ನನ್ನ ಬಳಿ ಮೂರನೆಯ ಭೇಟಿಗೆ ಬಂದಾಗ ಗಂಡನ ಮುಖದಲ್ಲಿ ಗೆಲುವು. “ಒಂದು ಸೀನೂ ಬರಲಿಲ್ಲ,” ಎಂದರು. ಹೆಂಡತಿ ತಲೆಯಾಡಿಸಿದರು. ಮಗಳು ಮೂಲೆಯ ಮೇಜಿನಲ್ಲಿ ಚಿತ್ರ ಬರೆಯುತ್ತಿದ್ದವಳು ತಲೆ ಎತ್ತದೆ ಹೇಳಿದಳು:

“ಅಮ್ಮ ಹೋಗೋ ಮುಂಚೆ ಮಾತ್ರೆ ತಗೋತಾಳಲ್ಲ, ಅದಕ್ಕೇ.”

“ನೆಗಡಿ ಇತ್ತು ಪುಟ್ಟಾ.”

“ಮೂರು ಸಲಾನೂ?”

ಮಗುವನ್ನು ಹೊರಗಿನ ಕೋಣೆಗೆ ಕಳಿಸಿದೆ. ಅವಳೆದುರೇ ಮಾತು ಮುಂದುವರಿಸಿದ್ದರೆ ಅಮ್ಮನ ಗುಟ್ಟು ಒಡೆದವಳು ತಾನೆಂಬ ಭಾರ ಅವಳ ಮೇಲೆ ಬೀಳುತ್ತಿತ್ತು. ಬಾಗಿಲು ಮುಚ್ಚಿದ ಮೇಲೂ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೆಂಡತಿ ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಕೊಡುತ್ತೇನೆ. “ನನ್ನಿಂದ ನಾಯಿ ಬರಲಿಲ್ಲ ಅಂತ ಆಗಬಾರದು. ಮಾತು ಕೊಡೋದು ಇವರು, ಬೇಡ ಅನ್ನೋ ಕೆಲಸ ಮಾತ್ರ ಯಾವಾಗ್ಲೂ ನನ್ನದು.” ಗಂಡ, “ಹೇಳಿದ್ರೆ ನಾನೇನು ಕೇಳ್ತಿರಲಿಲ್ವಾ?” ಎಂದರು. ಅದಕ್ಕೆ ಆಕೆ ಅಂದದ್ದು ಇಷ್ಟೇ: “ಪಟ್ಟಿ ತಂದ್ರಿ. ಕೇಳಲಿಲ್ಲ.”

ನನ್ನನ್ನು ಕಾಡಿದ್ದು ಜಗಳವಲ್ಲ, ಆ ಮಾತ್ರೆ. ಆಂಟಿಹಿಸ್ಟಮಿನ್ ಮಾತ್ರೆ ಸೀನು, ಮೂಗು ಸೋರುವುದು, ಕಣ್ಣುರಿಗಳನ್ನು ಅಡಗಿಸುತ್ತದೆ. ಅಸ್ತಮಾಕ್ಕೆ ಅದರಿಂದ ಹೆಚ್ಚಿನ ರಕ್ಷಣೆಯಿಲ್ಲ. ಅಂದರೆ ಮುಂಚಿತವಾಗಿ ಎಚ್ಚರಿಸಬೇಕಾದ ಮೂಗು ಸುಮ್ಮನಿರುತ್ತದೆ, ಎದೆಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಮೂರು ಭೇಟಿಗಳ ಫಲಿತಾಂಶವನ್ನೂ ಅಲ್ಲೇ ಹೊಡೆದು ಹಾಕಿದೆವು.

ಅಸ್ತಮಾ ಇರುವವರಿಗೆ ನಾಯಿ ಬೇಡವೆಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅಸ್ತಮಾ ಹತೋಟಿಯಲ್ಲಿ ಇಲ್ಲದಿದ್ದರೆ, ರಾತ್ರಿ ಕೆಮ್ಮಿಗೆ ಎಚ್ಚರವಾಗುತ್ತಿದ್ದರೆ, ಉಬ್ಬಸಕ್ಕೆ ಆಸ್ಪತ್ರೆ ಸೇರಿದ್ದರೆ ನಾನೂ ಅದನ್ನೇ ಹೇಳುತ್ತೇನೆ, ಚರ್ಚೆಗೆ ಬಿಡುವುದಿಲ್ಲ. ಇಲ್ಲಿ ವೈದ್ಯರು ಪ್ರಯೋಗಕ್ಕೆ ಅಡ್ಡಿಯಿಲ್ಲ ಎಂದಿದ್ದರು. ಆ ಮೇಲೂ ನಾನು ‘ಬೇಡ’ ಎಂದಿದ್ದರೆ ಮನೆಗೆ ಹೋಗುವಷ್ಟರಲ್ಲಿ ಅದು ಮತ್ತೆ ಆಕೆಯ ‘ಬೇಡ’ ಆಗುತ್ತಿತ್ತು. ಆಕೆ ಹೆದರಿ ಮಾತ್ರೆ ನುಂಗಿದ್ದು ಆ ಪದಕ್ಕೇ. ಅದಕ್ಕೇ ಉತ್ತರವನ್ನು ಒಂದು ಹಾಳೆ ಹೇಳಲಿ ಎಂದೆ.

ಮೊದಲು ಪರೀಕ್ಷೆ. ಚರ್ಮ ಚುಚ್ಚಿ ನೋಡುವ ಸ್ಕಿನ್ ಪ್ರಿಕ್ ಪರೀಕ್ಷೆಗೆ 5ರಿಂದ 7 ದಿನ ಮುಂಚೆ ಆಂಟಿಹಿಸ್ಟಮಿನ್ ನಿಲ್ಲಿಸಬೇಕು, ಅದೂ ವೈದ್ಯರನ್ನು ಕೇಳಿ. ದಿನವೂ ತೆಗೆದುಕೊಳ್ಳುವ ಅಸ್ತಮಾ ಇನ್‌ಹೇಲರ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ಇಲ್ಲಿ ತಪ್ಪುವವರೇ ಹೆಚ್ಚು. ಚುಚ್ಚಿದ 15-20 ನಿಮಿಷದಲ್ಲಿ 3 ಮಿಲಿಮೀಟರ್ ಅಥವಾ ಹೆಚ್ಚು ಅಗಲದ ದದ್ದು ಎದ್ದರೆ ಪಾಸಿಟಿವ್. ಮಾತ್ರೆ ನಿಲ್ಲಿಸಲಾಗದವರಿಗೆ ರಕ್ತಪರೀಕ್ಷೆ ಇದೆ. ರಕ್ತದಲ್ಲಿ ಯಾವ ಪ್ರೋಟೀನಿಗೆ ಅಲರ್ಜಿ ಎಂದು ಬಿಡಿಸಿಯೂ ನೋಡಬಹುದು. ಕ್ಯಾನ್ ಎಫ್ 5 ತಯಾರಾಗುವುದು ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ, ಗಂಡು ಹಾರ್ಮೋನಿನ ಬಲದಿಂದ. ಅದೊಂದಕ್ಕೇ ಅಲರ್ಜಿ ಇರುವವರಿಗೆ ಹೆಣ್ಣುನಾಯಿ ಒಗ್ಗುವ ಸಾಧ್ಯತೆ ಹೆಚ್ಚು. ಈಕೆಗೆ ಅಂಥ ಸುಲಭದ ದಾರಿ ಸಿಗಲಿಲ್ಲ, ಕ್ಯಾನ್ ಎಫ್ 1ಕ್ಕೂ ಪಾಸಿಟಿವ್ ಬಂತು.

ಆಮೇಲೆ ನಾಯಿಯೊಂದಿಗೆ ಭೇಟಿ, ಮಾತ್ರೆಯಿಲ್ಲದೆ, ತುರ್ತು ಇನ್‌ಹೇಲರ್ ಜೇಬಿನಲ್ಲಿಟ್ಟುಕೊಂಡು. ಒಂದೇ ನಾಯಿಯನ್ನು ಕನಿಷ್ಠ ನಾಲ್ಕು ಬಾರಿ, ಪ್ರತಿಸಲ ಒಂದರಿಂದ ಎರಡು ಗಂಟೆ, ಬೇರೆಬೇರೆ ದಿನ ನೋಡಬೇಕು. ಆ ಮನೆಯಲ್ಲಿ ಬೆಕ್ಕೂ ಇದ್ದರೆ, ದಪ್ಪ ಜಮಖಾನೆ ಹಾಸಿದ್ದರೆ ಭೇಟಿ ಬೇರೆಡೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಸೀನು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ನಾಯಿಯನ್ನು ದೂರದಿಂದ ನೋಡಿ ಬಂದರೆ ಪ್ರಯೋಜನವಿಲ್ಲ, ಮೈ ಸವರಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಪುಟ್ಟ ನಾಯಿಯ ಲೆಕ್ಕ ತಪ್ಪುವುದೂ ಇಲ್ಲೇ. ಅದರ ಚರ್ಮದ ವಿಸ್ತಾರ ಕಡಿಮೆ, ನಿಜ, ಸ್ನಾನವೂ ಸುಲಭ. ಆದರೆ ದೊಡ್ಡ ನಾಯಿ ಬಾಗಿಲ ಬಳಿ ಮಲಗಿದರೆ ಪುಟ್ಟದ್ದು ಮಡಿಲಲ್ಲಿ, ದಿಂಬಿನ ಪಕ್ಕ, ಮೂಗಿನಿಂದ ಒಂದು ಗೇಣು ದೂರದಲ್ಲಿ ಇರುತ್ತದೆ.

ಹಾಳೆಯಲ್ಲಿ ಮೂಗು, ಕಣ್ಣು, ಚರ್ಮ, ಎದೆ ಎಂದು ನಾಲ್ಕು ಕಾಲಂ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. 15 ನಿಮಿಷಕ್ಕೆ, ಒಂದು ಗಂಟೆಗೆ, ರಾತ್ರಿ ಮಲಗುವಾಗ, ಮರುದಿನ ಬೆಳಗ್ಗೆ ಬರೆಯಬೇಕು. ಕೆಲವರ ಎದೆ ಬಿಗಿಯುವುದು ನಾಲ್ಕಾರು ಗಂಟೆ ತಡವಾಗಿ, ರಾತ್ರಿಯ ಅಂಕ ಬೇಕಾದದ್ದು ಅದಕ್ಕೆ. ಐದನೆಯ ಕಾಲಂ ಪೀಕ್ ಫ್ಲೋ ಮೀಟರಿನದು, ಅಂದರೆ ಉಸಿರನ್ನು ಎಷ್ಟು ಜೋರಾಗಿ ಹೊರಬಿಡಬಲ್ಲೆವೆಂದು ಅಳೆಯುವ ಸಾಧನದ್ದು: ಮೂರು ಸಲ ಊದಿ ಅತಿ ಹೆಚ್ಚಿನದನ್ನು ಬರೆಯುವುದು. ತಮ್ಮ ಅತ್ಯುತ್ತಮ ಸಂಖ್ಯೆಗಿಂತ ಶೇಕಡಾ 20 ಇಳಿದರೆ ಆ ನಾಯಿ ಅಲ್ಲಿಗೆ ಮುಗಿಯಿತು. ಆರನೆಯದು ‘ಮಾತ್ರೆ’. ಹಾಳೆ ಇರಬೇಕಾದದ್ದು ಗಂಡನ ಬಳಿ, ಮಗಳ ಬಳಿಯಲ್ಲ. ಅಮ್ಮನನ್ನು ಕಾಯುವ ಪೊಲೀಸ್ ಕೆಲಸ ಮಗುವಿಗೆ ಬೇಡ.

ಮರಿ ತರಬೇಡಿ ಎಂದೂ ಹೇಳಿದೆ. ಇವತ್ತು ಮರಿಯೊಂದಿಗೆ ಮಾಡಿದ ಪ್ರಯೋಗ ಅದು ಬೆಳೆದ ಮೇಲೆ ಸುಳ್ಳಾಗಬಹುದು. ಗಂಡುಮರಿಯಲ್ಲಿ ಹಾರ್ಮೋನು ಏರುವ ಮುಂಚೆ ಕ್ಯಾನ್ ಎಫ್ 5ರ ಸುಳಿವೇ ಸಿಗಲಾರದು. ಎರಡು ವರ್ಷ ದಾಟಿದ, ಸಂತಾನಹರಣ ಆಗಿರುವ ನಾಯಿಯಾದರೆ ಕಂಡದ್ದೇ ಮುಂದೂ ಇರುವ ಸಂಭವ ಹೆಚ್ಚು.

ಮಾತ್ರೆಯಿಲ್ಲದೆ ಶಿಟ್ಸುವನ್ನು ಮತ್ತೆ ನೋಡಿದರು. 25 ನಿಮಿಷಕ್ಕೆ ಕಣ್ಣು ಕೆಂಪಾಯಿತು. ಆಕೆಯ ಅತ್ಯುತ್ತಮ ಪೀಕ್ ಫ್ಲೋ 400, ಆ ರಾತ್ರಿ 310. ಎರಡನೆಯ ಭೇಟಿಯೇ ಬೇಕಾಗಲಿಲ್ಲ. ಮಗಳಿಗೆ ವಿಷಯ ಹೇಳಿದ್ದು ಗಂಡ. ಸಂಖ್ಯೆ ತೋರಿಸಿ, “ನಾನು ಮಾತು ಕೊಡೋ ಮುಂಚೆ ಇದನ್ನ ನೋಡಬೇಕಿತ್ತು,” ಎಂದು ಹೇಳಲು ಒಪ್ಪಿಸುವುದಕ್ಕೆ ಒಂದು ಇಡೀ ಭೇಟಿ ಹಿಡಿಯಿತು.

ಮುಂದೆ ಸಿಕ್ಕಿದ್ದು ಯಾವ ಪಟ್ಟಿಯಲ್ಲೂ ಇಲ್ಲದ, ಗಿಡ್ಡ ಕೂದಲಿನ, ನಾಲ್ಕು ವರ್ಷದ ಮಿಶ್ರತಳಿ ಹೆಣ್ಣುನಾಯಿ, ತೂಕ 7 ಕೆಜಿ. ನಾಲ್ಕು ಭೇಟಿಗಳಲ್ಲಿ ಮೂಗಿನ ಅಂಕ 1 ದಾಟಲಿಲ್ಲ, ಪೀಕ್ ಫ್ಲೋ 370ಕ್ಕಿಂತ ಇಳಿಯಲಿಲ್ಲ. ಆದರೂ ನೇರ ದತ್ತು ಬೇಡವೆಂದೆ. ಹೊಟ್ಟು ಮನೆಯ ಬಟ್ಟೆ, ಸೋಫಾಗಳಲ್ಲಿ ಕೂಡಿಕೊಳ್ಳಲು ವಾರಗಳು ಬೇಕು, ಎರಡು ಗಂಟೆಯ ಭೇಟಿಯಲ್ಲಿ ಅದು ತಿಳಿಯುವುದಿಲ್ಲ. ಆದ್ದರಿಂದ ನಾಲ್ಕು ವಾರ ತಾತ್ಕಾಲಿಕ ಪಾಲನೆ, ಆಗದಿದ್ದರೆ ನಾಯಿಯನ್ನು ವಾಪಸ್ ಪಡೆಯುವವರು ಯಾರೆಂದು ಮೊದಲೇ ಬರೆದಿಟ್ಟು. ವಾಪಸಾದರೂ ಸೀನು ಅಂದೇ ನಿಲ್ಲುವುದಿಲ್ಲ, ಧೂಳಿನಲ್ಲಿ ಉಳಿದದ್ದು ತಿಂಗಳುಗಟ್ಟಲೆ ಕಾಡುತ್ತದೆ. ‘ನಾಯಿ ಹೋದರೂ ಸೀನ್ತಿದೀಯ, ಹಾಗಾದರೆ ಅದರಿಂದಲ್ಲ’ ಎಂಬ ವಾದ ಏಳುವುದು ಆಗಲೇ.

ಮನೆಯ ಕಟ್ಟುಪಾಡುಗಳಲ್ಲಿ ಸಡಿಲಿಸಬಾರದ್ದು ಮಲಗುವ ಕೋಣೆಯದು: ನಾಯಿಗೆ ಪ್ರವೇಶವಿಲ್ಲ, ಬಾಗಿಲು ಹಗಲೂ ಮುಚ್ಚಿರಬೇಕು, ಏರ್ ಪ್ಯೂರಿಫೈಯರ್ ಒಂದೇ ಇದ್ದರೆ ಅದು ಅಲ್ಲಿರಬೇಕು, ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನದು. ಸ್ನಾನ ವಾರಕ್ಕೆರಡು ಬಾರಿ. ಒಂದು ಸ್ನಾನದ ಫಲ ಮೂರ್ನಾಲ್ಕು ದಿನಕ್ಕಿಂತ ನಿಲ್ಲುವುದಿಲ್ಲ. ಶಾಂಪೂ ನಾಯಿಯದೇ ಆಗಿರಬೇಕು, ಸೌಮ್ಯವಾಗಿರಬೇಕು, ಏಕೆಂದರೆ ಚರ್ಮ ಒಣಗಿದರೆ ಹೊಟ್ಟು ಇನ್ನೂ ಏಳುತ್ತದೆ. ಸ್ನಾನ, ಬಾಚುವುದು ಗಂಡನ ಕೆಲಸ, ಬಾಚುವುದು ಮನೆಯ ಹೊರಗೆ. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನಾಯಿಯ ಹಾಸಿಗೆ ಬಟ್ಟೆ ವಾರಕ್ಕೊಮ್ಮೆ ಒಗೆಯಬೇಕು.

ಎರಡನೆಯ ವಾರದ ಹಾಳೆ ನನ್ನ ಮುಂದಿದೆ. ಸ್ನಾನ ಒಂದು ಸಲ ತಪ್ಪಿದೆ, ಆ ವಾರಾಂತ್ಯದಲ್ಲಿ ಮೂಗಿನ ಅಂಕ 2. ಪೀಕ್ ಫ್ಲೋ 360ರಿಂದ 390ರೊಳಗೆ ಓಡಾಡಿದೆ. ‘ಮಾತ್ರೆ’ ಕಾಲಂನಲ್ಲಿ ಎರಡು ಕಡೆ ‘ಹೌದು’ ಎಂದಿದೆ, ಆಕೆಯದೇ ಅಕ್ಷರದಲ್ಲಿ.