ಆಯುಧ ದೊಡ್ಡದೋ, ಹಿಡಿದವನು ದೊಡ್ಡವನೋ?

ಪೂರ್ವದ ಕಥೆಗಳಲ್ಲಿ ವೀರನ ಸಾಧನೆ ಮುಖ್ಯ, ಪಶ್ಚಿಮದ ಕಥೆಗಳಲ್ಲಿ ಆಯುಧವೇ ಮುಖ್ಯ ಎನ್ನುವುದು ನಿಜವೇ ಎಂದು ತಾವು ಕೇಳಿದ್ದೀರಿ. ಮಹಾಭಾರತವನ್ನೂ ಮಧ್ಯಯುಗದ ಯುರೋಪಿನ ವೀರಕಥೆಗಳನ್ನೂ ಜೊತೆಗಿಟ್ಟು ಓದಿದರೆ ಈ ಮಾತಿನಲ್ಲಿ ಹುರುಳಿದೆ ಎನ್ನಿಸುತ್ತದೆ. ಆದರೆ ಭಾರತ, ಚೀನಾ, ಜಪಾನುಗಳನ್ನು ‘ಪೂರ್ವ’ ಎಂದು ಒಂದೇ ಗಂಟು ಕಟ್ಟಿದ ಕೂಡಲೇ ಅದು ನಿಲ್ಲುವುದಿಲ್ಲ.

ಮಹಾಭಾರತದ ದಿವ್ಯಾಸ್ತ್ರವು ಮೂಲತಃ ಗುರುವಿನಿಂದಲೋ ದೇವತೆಯಿಂದಲೋ ಪಡೆದ ಮಂತ್ರವಿದ್ಯೆ. ಬಾಣ ಅದಕ್ಕೊಂದು ನೆಪ ಮಾತ್ರ. (ದೂರದರ್ಶನದ ಧಾರಾವಾಹಿಗಳು ಆಕಾಶದಲ್ಲಿ ಬಾಣಕ್ಕೆ ಬಾಣ ಡಿಕ್ಕಿ ಹೊಡೆಸಿ ನಮಗೆ ಇದನ್ನು ಮರೆಸಿಬಿಟ್ಟವು.) ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನ ಕೈಗೆ ಸಿಕ್ಕಿದ್ದು ಒಂದು ಹುಲ್ಲುಕಡ್ಡಿ, ಅದನ್ನೇ ಅಭಿಮಂತ್ರಿಸಿ ಅವನು ಬ್ರಹ್ಮಶಿರಾಸ್ತ್ರವನ್ನು ಬಿಡುತ್ತಾನೆ. ಎದುರಿಗೆ ಅರ್ಜುನನೂ ಅದೇ ಅಸ್ತ್ರವನ್ನು ಪ್ರಯೋಗಿಸಿದಾಗ ವ್ಯಾಸರೂ ನಾರದರೂ ನಡುವೆ ಬಂದು ನಿಲ್ಲುತ್ತಾರೆ. ಬ್ರಹ್ಮಚರ್ಯವನ್ನು ಪಾಲಿಸಿದ್ದ ಅರ್ಜುನನು ತನ್ನ ಅಸ್ತ್ರವನ್ನು ಹಿಂದಕ್ಕೆ ಪಡೆಯುತ್ತಾನೆ. ಬಿಡಲು ಬಲ್ಲ ಅಶ್ವತ್ಥಾಮನಿಗೆ ಹಿಂಪಡೆಯಲಾಗದೆ, ಅದನ್ನು ಪಾಂಡವ ಸ್ತ್ರೀಯರ ಗರ್ಭದ ಕಡೆಗೆ ತಿರುಗಿಸುತ್ತಾನೆ. ಬಿಟ್ಟದ್ದನ್ನು ಮರಳಿ ಕರೆಯಬಲ್ಲನೇ ಎಂಬುದೇ ಇಲ್ಲಿ ಯೋಧನಿಗೆ ಒಡ್ಡಿದ ಪರೀಕ್ಷೆ.

ವಿದ್ಯೆಯಾದ್ದರಿಂದ ಅದು ಮರೆತುಹೋಗಲೂಬಹುದು. ಬ್ರಾಹ್ಮಣನೆಂದು ಸುಳ್ಳು ಹೇಳಿ ಕಲಿತ ಕರ್ಣನಿಗೆ ಪರಶುರಾಮರ ಶಾಪದಿಂದ ಕೊನೆಯ ಹೊತ್ತಿನಲ್ಲಿ ಬ್ರಹ್ಮಾಸ್ತ್ರ ನೆನಪಿಗೆ ಬರುವುದಿಲ್ಲ. ಮಹಾಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಹತ್ತನೆಯ ಶತಮಾನದಲ್ಲಿ ಪಂಪ ಹೇಳಿದ್ದು, ಹೀಗೆ ನೆನಪೇ ಕೈಕೊಟ್ಟು ಸೋತವನ ಕುರಿತು.

ಫ್ರೆಂಚ್ ವೀರಕಾವ್ಯದ ರೋಲಾಂಡನ ಸಂಕಟ ಬೇರೆ. ಅವನ ಖಡ್ಗಕ್ಕೆ ದ್ಯುರಾಂದಾಲ್ ಎಂಬ ಹೆಸರಿದೆ. ಹಿಡಿಯೊಳಗೆ ಸಂತ ಪೀಟರನ ಹಲ್ಲು, ಮೇರಿ ಮಾತೆಯ ಉಡುಪಿನ ಚೂರು ಮೊದಲಾದ ಅವಶೇಷಗಳಿವೆ. ಸಾಯುವ ಮುನ್ನ, ಶತ್ರುವಿನ ಕೈಗೆ ಸಿಗಬಾರದೆಂದು, ಅವನು ಅದನ್ನು ಬಂಡೆಗೆ ಮತ್ತೆ ಮತ್ತೆ ಅಪ್ಪಳಿಸುತ್ತಾನೆ. ಖಡ್ಗ ಮುರಿಯುವುದಿಲ್ಲ, ಅಲಗಿನ ಬಾಯಿ ಕೂಡ ಮುಕ್ಕಾಗುವುದಿಲ್ಲ. ಕಡೆಗೆ ಅದನ್ನು ತನ್ನ ಮೈಯ ಕೆಳಗಿಟ್ಟುಕೊಂಡು ಪ್ರಾಣ ಬಿಡುತ್ತಾನೆ. ಅಸ್ತ್ರವಿದ್ಯೆಯು ಕಲಿತವನೊಂದಿಗೇ ಹೋಗುತ್ತದೆ; ದ್ಯುರಾಂದಾಲ್ ಒಡೆಯನು ಸತ್ತ ಮೇಲೂ ಉಳಿಯುತ್ತದೆ, ಅವನ ಚಿಂತೆಯೂ ಅದೇ.

ಆದರೆ ಜಪಾನಿನ ಕುಸನಾಗಿ ಖಡ್ಗವನ್ನು ನೋಡಿ. ಕ್ರಿ.ಶ. 712ರ ಪುರಾಣ ಸಂಕಲನದ ಪ್ರಕಾರ ಸುಸಾನೋ ದೇವನು ಎಂಟು ತಲೆಯ ಸರ್ಪವನ್ನು ಕಡಿದಾಗ ಅದರ ಬಾಲದೊಳಗೆ ಸಿಕ್ಕ ಆ ಖಡ್ಗವು ಮುಂದೆ ರಾಜಲಾಂಛನಗಳಲ್ಲಿ ಒಂದಾಯಿತು. ಇದು ಅರ್ಜುನನ ಅಸ್ತ್ರಕ್ಕಿಂತ ರೋಲಾಂಡನ ಖಡ್ಗಕ್ಕೇ ಹತ್ತಿರ. ಚೀನಾದ ತತ್ತ್ವಜ್ಞಾನಿ ಲಾವೋತ್ಸೆಯ ಗ್ರಂಥವಂತೂ ಆಯುಧವನ್ನು ಅಶುಭ ವಸ್ತುವೆಂದೇ ಕರೆಯುತ್ತದೆ.

ಪೂರ್ವ-ಪಶ್ಚಿಮದ ಗೆರೆ ಪೂರ್ತಿ ಅಳಿಸಿಹೋಗುವ ಜಾಗವೂ ಒಂದಿದೆ. ಮಹಾಪ್ರಸ್ಥಾನದ ದಾರಿಯಲ್ಲಿ ಅಗ್ನಿಯು ಅಡ್ಡ ನಿಂತು, ಗಾಂಡೀವವನ್ನು ವರುಣನಿಗೆ ಮರಳಿಸೆಂದು ಕೇಳುತ್ತಾನೆ. ರಾಜ್ಯವನ್ನೇ ತೊರೆದು ಬಂದ ಅರ್ಜುನ ಬಿಲ್ಲನ್ನು ಮಾತ್ರ ಬಿಟ್ಟಿರಲಿಲ್ಲ. ಅದರ ಬೆಲೆಯ ಮೇಲಿನ ಲೋಭ ಎಂದು ಕವಿ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕೊನೆಗೆ ಅರ್ಜುನ ಬಿಲ್ಲನ್ನೂ ಅಕ್ಷಯ ಬತ್ತಳಿಕೆಗಳನ್ನೂ ನೀರಿಗೆ ಹಾಕುತ್ತಾನೆ. 1485ರಲ್ಲಿ ಅಚ್ಚಾದ ಇಂಗ್ಲಿಷ್ ಆರ್ಥರ್ ಕಥೆಯಲ್ಲಿಯೂ, ಸಾಯುತ್ತಿರುವ ದೊರೆ ಆರ್ಥರ್ ತನ್ನ ಖಡ್ಗವನ್ನು ನೀರಿಗೆ ಎಸೆದು ಬಾ ಎಂದು ಕಳುಹಿಸಿದ ಯೋಧ ಬೆಡಿವಿಯರ್, ಹಿಡಿಯ ರತ್ನಗಳಿಗೆ ಮನಸೋತು ಎರಡು ಸಲ ಅದನ್ನು ಅಡಗಿಸಿಟ್ಟು ಸುಳ್ಳು ಹೇಳುತ್ತಾನೆ. ಮೂರನೆಯ ಸಲ ಎಸೆದಾಗಲೇ ನೀರಿನಿಂದ ಒಂದು ಕೈ ಮೇಲೆದ್ದು ಖಡ್ಗವನ್ನು ಹಿಡಿದುಕೊಳ್ಳುತ್ತದೆ.