2 ಲಕ್ಷ ರೂಪಾಯಿಯಲ್ಲಿ ದಕ್ಷಿಣ ಕೊಡಗಿನ ಆಶಾ ಕಾರ್ಯಕರ್ತೆಯರಿಗೂ ಸರ್ಕಾರಿ ಶಾಲೆಗೂ ಏನು ಮಾಡಬಹುದು?

ನೀವು ಬರೆದಿರುವುದು ಇಷ್ಟು: ವಿದೇಶದಲ್ಲಿದ್ದೀರಿ, ತಾಯಿಯ ಊರು ಗೋಣಿಕೊಪ್ಪದ ಹತ್ತಿರ, 2 ಲಕ್ಷ ರೂಪಾಯಿ ತೆಗೆದಿಟ್ಟಿದ್ದೀರಿ. ಆ ಭಾಗದ ಆಶಾ ಕಾರ್ಯಕರ್ತೆಯರಿಗೆ ಟ್ಯಾಬ್, ಒಂದು ಸರ್ಕಾರಿ ಶಾಲೆಗೆ ಸ್ಮಾರ್ಟ್ ಕ್ಲಾಸ್ ಕೊಡಿಸಿದರೆ ಹೇಗೆ ಎಂದು ಕೇಳಿದ್ದೀರಿ.

ಎರಡೂ ಬೇಡ ಎನ್ನುತ್ತೇನೆ. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ, ಅರ್ಥಿಂಗ್ ಸರಿಯಿಲ್ಲದ ಶಾಲೆಗಳಲ್ಲಿ ಟಿವಿಯೂ ಯುಪಿಎಸ್ಸೂ ಸುಟ್ಟುಹೋಗುತ್ತವೆ. ಜೂನ್ ಬಂತೆಂದರೆ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಇನ್ವರ್ಟರ್ ಹಾಕಿಸಿದರೆ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬುವವರು ಬೇಕು, ನಾಲ್ಕೈದು ವರ್ಷಕ್ಕೆ ಬ್ಯಾಟರಿಯನ್ನೇ ಬದಲಿಸಬೇಕು, ಆ ಹಣ ಶಾಲೆಯ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಟ್ಯಾಬಿನ ಪಾಡೂ ಅದೇ. ಕಾಡಂಚಿನ ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳಲ್ಲಿ) ನೆಟ್‌ವರ್ಕ್ ಸಿಗುವುದಿಲ್ಲ, ತಿಂಗಳ ರೀಚಾರ್ಜ್ ಯಾರು ಮಾಡಿಸಬೇಕೆಂಬುದು ತೀರ್ಮಾನವಾಗಿರುವುದಿಲ್ಲ, ಜೊತೆಗೆ ರೋಗಿಗಳ ವಿವರ ಇಲಾಖೆಗೆ ಸೇರದ ಸಾಧನದಲ್ಲಿ ಕೂರುತ್ತದೆ. ಹೊಸ ವಸ್ತು ಕೊಡಿಸುವ ದಾನಿಗಳು ಕೊಡಗಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಓಡಾಟದ ಖರ್ಚು, ರಿಪೇರಿ, ಒಬ್ಬರ ತಿಂಗಳ ಗೌರವಧನ ಕೊಡುತ್ತೇನೆ ಎನ್ನುವವರು ಅಪರೂಪ. ನಿಮ್ಮ ಹಣ ಆ ಕಡೆ ಹೋಗಲಿ.

ಮೊದಲು ಆಶಾ ಕಾರ್ಯಕರ್ತೆಯ ಕೆಲಸ ಹೇಗಿದೆ ನೋಡಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಈ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 1000 ಜನಸಂಖ್ಯೆಗೆ ಒಬ್ಬರು. ಬೆಟ್ಟ, ಬುಡಕಟ್ಟು ಪ್ರದೇಶಕ್ಕೆ ಈ ಲೆಕ್ಕ ಸಡಿಲಿಸಬಹುದು. ಅವರು ಸರ್ಕಾರಿ ನೌಕರರಲ್ಲ, ಗೌರವಧನದ ಜೊತೆಗೆ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಸಿಗುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಿ ನೋಡಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಸೇರಿ 7 ಭೇಟಿ. ಈ ಇಡೀ ಸರಣಿಗೆ ನಿಗದಿಯಾಗಿರುವುದು 250 ರೂಪಾಯಿ. ಬಾಳೆಲೆ, ತಿತಿಮತಿ, ಮಾಲ್ದಾರೆ ಕಡೆ ಒಂದು ಹಾಡಿಗೋ ತೋಟದ ಕಾರ್ಮಿಕರ ಲೈನ್ ಮನೆಗೋ ಹೋಗಿಬರುವ ಆಟೋ ಬಾಡಿಗೆಯೇ ಅದನ್ನು ತಿಂದುಹಾಕುತ್ತದೆ. ಆನೆ ಓಡಾಡುವ ದಾರಿಯಾದರೆ ಸಂಜೆ ನಾಲ್ಕರ ಮೇಲೆ ನಡೆದು ಹೋಗುವ ಮಾತೇ ಇಲ್ಲ.

ಹಾಗಾಗಿ ಒಂದು ಖರ್ಚು ಮಳೆಗಾಲದ ಸಾಮಾನಿಗೆ. ಒಬ್ಬರಿಗೆ ಬೇಕಾಗುವುದು: ಕೋಟು–ಪ್ಯಾಂಟು ಬೇರೆ ಬೇರೆ ಇರುವ ರೈನ್‌ಕೋಟ್ (ಮೈಮೇಲೆ ಹೊದೆಯುವ ಪ್ಲಾಸ್ಟಿಕ್ ಗಾಳಿಗೆ ನಿಲ್ಲುವುದಿಲ್ಲ), ಮೊಣಕಾಲ ಕೆಳಗಿನವರೆಗೆ ಬರುವ ಗಮ್‌ಬೂಟು, ಚಾರ್ಜ್ ಮಾಡುವ ಟಾರ್ಚು, ಒಳಗೆ ನೀರಿಳಿಯದ ಬೆನ್ನುಚೀಲ. ಗಟ್ಟಿಯಾದ ಮಾಲು ತೆಗೆದುಕೊಂಡರೆ ಎಲ್ಲ ಸೇರಿ ಅಂದಾಜು 4 ಸಾವಿರ ಆಗುತ್ತದೆ, ಹತ್ತು ಜನರಿಗೆ 40 ಸಾವಿರ. ಬೂಟಿನ ಅಳತೆಯನ್ನು ಪ್ರತಿಯೊಬ್ಬರಿಂದ ಬರೆಸಿಕೊಳ್ಳಿ. ಸಗಟಾಗಿ ಒಂದೇ ಅಳತೆಯಲ್ಲಿ ತಂದು ಹಂಚಿದ ಬೂಟು ಮೂಲೆ ಸೇರುತ್ತದೆ. ಬಹಳ ಮಂದಿ ಸೀರೆಯಲ್ಲೇ ಕೆಲಸಕ್ಕೆ ಹೋಗುವವರು, ಪ್ಯಾಂಟು ಬೇಕೋ ಉದ್ದ ಕೋಟು ಸಾಕೋ ಎಂದು ಅವರನ್ನೇ ಕೇಳಿ. ಹಂಚಿಕೆ ಮೇ ಮುಗಿಯುವುದರೊಳಗೆ ಆಗಬೇಕು. ಆಗಸ್ಟ್ 15ರ ಸಮಾರಂಭಕ್ಕೆ ಎಂದು ಕಾದರೆ ಮಳೆಗಾಲದ ಅರ್ಧಕ್ಕೂ ಹೆಚ್ಚು ಕಳೆದಿರುತ್ತದೆ.

ತೂಕದ ಯಂತ್ರ, ಥರ್ಮಾಮೀಟರ್ ಇವೆಲ್ಲ ಇಲಾಖೆಯ ಕಿಟ್‌ನಲ್ಲೇ ಬರುತ್ತವೆ. ಕೊರತೆ ಇರುವುದು ಕೆಟ್ಟಾಗ ಬದಲಿ ಸಿಗುವುದರಲ್ಲಿ. ಇಂಥದ್ದನ್ನು ಕೊಡುವುದಾದರೆ ಒಂದು ವಿಷಯ ಗಮನಿಸಿ. ಹುಟ್ಟಿದ ಮಗು ಮೊದಲ ಕೆಲವು ದಿನ ತೂಕ ಕಳೆದುಕೊಂಡು, ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ, ಆಮೇಲೆ ದಿನಕ್ಕೆ 20–30 ಗ್ರಾಂ ಏರುತ್ತದೆ. ವಾರಕ್ಕೆ 140ರಿಂದ 210 ಗ್ರಾಂ ಅಷ್ಟೆ. 100 ಗ್ರಾಂ ಅಂತರದಲ್ಲಿ ತೋರಿಸುವ ಅಗ್ಗದ ಯಂತ್ರದಲ್ಲಿ ಮಗು ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ಗೊತ್ತಾಗುವುದೇ ಇಲ್ಲ. 10 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾದದ್ದೇ ಬೇಕು, ಜೋಲಿಯ ತೂಕ ಕಳೆದು ಸೊನ್ನೆಗೆ ತರುವ ಗುಂಡಿ ಇರಬೇಕು. ಯಂತ್ರ ಸರಿಯಿದೆಯೇ ಎಂದು ನೋಡಲು ಖಾಲಿ ಬಾಟಲಿಯನ್ನು ತೂಗಿ, ಅದಕ್ಕೆ ಅಳೆದು 1 ಲೀಟರ್ ನೀರು ತುಂಬಿ ಮತ್ತೆ ತೂಗಿದರಾಯಿತು, ವ್ಯತ್ಯಾಸ 1 ಕೆ.ಜಿ. ಬರಬೇಕು. ಥರ್ಮಾಮೀಟರ್ ಡಿಜಿಟಲ್ ಇರಲಿ. 35 ಡಿಗ್ರಿ ಸೆಲ್ಸಿಯಸ್‌ನಿಂದ ಶುರುವಾಗುವ ಹಳೆಯ ಪಾದರಸದ್ದು ಚಳಿಗೆ ಮೈ ತಣ್ಣಗಾದ ಶಿಶುವಿನ ನಿಜವಾದ ಉಷ್ಣತೆ ತೋರಿಸುವುದಿಲ್ಲ. ಕೊಡಗಿನ ಚಳಿಮಳೆಯಲ್ಲಿ ಜ್ವರದಷ್ಟೇ ಭಯ ಪಡಬೇಕಾದದ್ದು ಹೀಗೆ ಮೈ ತಣ್ಣಗಾಗುವುದಕ್ಕೆ. ಜೊತೆಗೆ ಎರಡು ವರ್ಷಕ್ಕಾಗುವಷ್ಟು ಸೆಲ್ ಕೊಡಿ.

ಔಷಧಿ ಕೊಡಲೇಬೇಡಿ. ಪ್ಯಾರಾಸಿಟಮಾಲ್, ಓಆರ್‌ಎಸ್ ಎಲ್ಲವೂ ಪ್ರಾಥಮಿಕ ಆರೋಗ್ಯ ಕೇಂದ್ರದ ದಾಸ್ತಾನಿನಿಂದಲೇ ಹೋಗಬೇಕು, ಇಲ್ಲದಿದ್ದರೆ ಅವಧಿ ಮೀರಿದ ಮಾತ್ರೆಗೆ ಹೊಣೆ ಯಾರೆಂದು ಹೇಳಲಾಗುವುದಿಲ್ಲ. ಬಿಪಿ ಯಂತ್ರವನ್ನೂ ವೈದ್ಯಾಧಿಕಾರಿಗಳು ಕೇಳಿದರೆ ಮಾತ್ರ ಕೊಡಿ. ತೋಳಿಗೆ ಸುತ್ತುವ ಸಾಮಾನ್ಯ ಪಟ್ಟಿ ಸುಮಾರು 22–32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾಡಿದ್ದು. ಸಣಕಲು ತೋಳಿಗೆ ಅದನ್ನು ಸುತ್ತಿದರೆ ಅಂಕಿ ಕಡಿಮೆ ಬರುತ್ತದೆ, ದಪ್ಪ ತೋಳಿಗೆ ಹೆಚ್ಚು ಬರುತ್ತದೆ. ತಪ್ಪು ಅಂಕಿಯಿಂದ ಆಗುವ ಅನಾಹುತ ಯಂತ್ರವೇ ಇಲ್ಲದಿರುವುದಕ್ಕಿಂತ ದೊಡ್ಡದು.

ಯಾರ ಗಮನಕ್ಕೂ ಬಾರದ ಇನ್ನೊಂದು ಕಷ್ಟವಿದೆ. ನಡುರಾತ್ರಿ ಹೆರಿಗೆ ನೋವು ಬಂದವಳನ್ನು 108 ಆಂಬುಲೆನ್ಸ್ ಆಸ್ಪತ್ರೆಗೆ ಮುಟ್ಟಿಸುತ್ತದೆ, ಜೊತೆಗೆ ಆಶಾ ಕಾರ್ಯಕರ್ತೆಯೂ ಹೋಗುತ್ತಾರೆ. ಬಾಣಂತಿ–ಮಗುವನ್ನು ಮನೆಗೆ ಬಿಡಲು ನಗು–ಮಗು ವಾಹನವಿದೆ. ಆಶಾ ಕಾರ್ಯಕರ್ತೆ ಮಾತ್ರ ಬೆಳಗಿನ ಮೊದಲ ಬಸ್ಸಿಗೆ ಕಾಯಬೇಕು, ಮಲಗಲು ಒಂದು ಜಾಗವಿಲ್ಲದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೋಣೆ ಬಿಟ್ಟುಕೊಟ್ಟರೆ ಎರಡು ಮಂಚ, ಒರೆಸಿ ತೊಳೆಯಬಹುದಾದ ರೆಕ್ಸಿನ್ ಹಾಸಿಗೆ, ಕಂಬಳಿ, ಬೀಗದ ಪೆಟ್ಟಿಗೆ, ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗು ಇಷ್ಟಕ್ಕೆ 25 ಸಾವಿರ ಸಾಕು. ಕೋಣೆಯ ಕೀಲಿ ರಾತ್ರಿ ಪಾಳಿಯ ನರ್ಸ್ ಹತ್ತಿರ ಇರಬೇಕೆಂದು ಮೊದಲೇ ಬರೆಸಿಕೊಳ್ಳಿ. ಕಚೇರಿ ಸಿಬ್ಬಂದಿಯ ಹತ್ತಿರ ಇದ್ದರೆ ಬೇಕಾದ ಹೊತ್ತಿಗೆ ತೆರೆಯುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ.

ಕ್ಷಯರೋಗಿಗಳಿಗೆ ನೆರವಾಗುವ ಮನಸ್ಸಿದ್ದರೆ 2022ರಲ್ಲಿ ಶುರುವಾದ ನಿ-ಕ್ಷಯ ಮಿತ್ರ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬಹುದು. ಒಪ್ಪಿಗೆ ಕೊಟ್ಟ ರೋಗಿಗೆ ಕನಿಷ್ಠ 6 ತಿಂಗಳು ಆಹಾರದ ಕಿಟ್ ಕೊಡಬೇಕು: ದೊಡ್ಡವರಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ, ಒಂದೂವರೆ ಕೆ.ಜಿ. ಬೇಳೆಕಾಳು, ಅಡುಗೆ ಎಣ್ಣೆ, 1 ಕೆ.ಜಿ. ಹಾಲಿನ ಪುಡಿ ಅಥವಾ ಕಡಲೆಕಾಯಿ ಬೀಜ. ತೋಟದ ಕಾರ್ಮಿಕರು ಕೊಯ್ಲು ಮುಗಿದ ಮೇಲೆ ಬೇರೆ ತೋಟಕ್ಕೆ, ಅಸ್ಸಾಮಿನವರಾದರೆ ಊರಿಗೇ ಹೊರಟುಬಿಡುತ್ತಾರೆ. ಆಗ ಕಿಟ್ಟೂ ತಪ್ಪುತ್ತದೆ, ಮಾತ್ರೆಯೂ ತಪ್ಪುತ್ತದೆ. ಆದ್ದರಿಂದ ಕಿಟ್ ಕೊಡುವಾಗಲೇ ಮುಂದೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ, ಆ ಊರಿನ ಆರೋಗ್ಯ ಕೇಂದ್ರಕ್ಕೆ ಹೆಸರು ವರ್ಗಾಯಿಸುವಂತೆ ಆಶಾ ಕಾರ್ಯಕರ್ತೆಗೆ ನೆನಪಿಸಬೇಕು.

ಇನ್ನು ಶಾಲೆ. ದಕ್ಷಿಣ ಕೊಡಗಿನ ಕಾಡಂಚಿನ ಶಾಲೆಯಲ್ಲಿ ಒಂದನೇ ತರಗತಿಗೆ ಬರುವ ಯರವ, ಜೇನುಕುರುಬ, ಪಣಿಯ ಮಕ್ಕಳ ಮನೆಮಾತು ಶಾಲೆಯ ಕನ್ನಡವಲ್ಲ. ಟೀಚರ್ ಹೇಳುವುದು ಅರ್ಥವಾಗದೆ ಮೊದಲ ಕೆಲವು ತಿಂಗಳು ಸುಮ್ಮನೆ ಕೂತು, ಕಾಫಿ ಕೊಯ್ಲು ಶುರುವಾದಾಗ ಅಪ್ಪ–ಅಮ್ಮನ ಜೊತೆ ತೋಟಕ್ಕೆ ಹೋದ ಮಗು ಮತ್ತೆ ಶಾಲೆಗೆ ತಿರುಗುವುದು ಕಷ್ಟ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಮೊದಲು ಅರೇಬಿಕಾ ಆಮೇಲೆ ರೋಬಸ್ಟಾ ಎಂದು, ಕೊಯ್ಲು ಸಾಗುತ್ತದೆ, ಹಾಜರಿ ಬೀಳುವುದು ಆಗಲೇ. ಇದಕ್ಕೆ ಒಳ್ಳೆಯ ಉಪಾಯ ಅದೇ ಹಾಡಿಯ, ಪಿಯುಸಿವರೆಗಾದರೂ ಓದಿದ ಹೆಣ್ಣುಮಗಳೊಬ್ಬಳನ್ನು ಸಹಾಯಕಿಯಾಗಿ ನೇಮಿಸಿಕೊಳ್ಳುವುದು. ಬೆಳಿಗ್ಗೆ ಹಾಡಿಯಿಂದ ಮಕ್ಕಳನ್ನು ಒಟ್ಟಿಗೆ ಕರೆತರುತ್ತಾಳೆ, ನಲಿ–ಕಲಿ (ಚಟುವಟಿಕೆಯ ಮೂಲಕ ಕಲಿಸುವ) ತರಗತಿಯಲ್ಲಿ ಟೀಚರ್ ಪಕ್ಕ ಕೂತು ಮನೆಮಾತಿನಲ್ಲಿ ವಿವರಿಸುತ್ತಾಳೆ, ಎರಡು ದಿನ ಬಾರದ ಮಗುವಿನ ಮನೆಗೆ ಹೋಗಿ ವಿಚಾರಿಸುತ್ತಾಳೆ. ತಿಂಗಳಿಗೆ 8 ಸಾವಿರದಂತೆ 10 ತಿಂಗಳಿಗೆ 80 ಸಾವಿರ. ಒಂದೇ ವರ್ಷ ಕೊಟ್ಟು ನಿಲ್ಲಿಸುವುದಾದರೆ ಶುರುಮಾಡಬೇಡಿ. ಮುಂದಿನ ವರ್ಷದ ಹಣಕ್ಕೆ ನಿಮ್ಮ ತಾಯಿಯ ಕುಟುಂಬದವರನ್ನೋ ಸುತ್ತಲಿನ ತೋಟದವರನ್ನೋ ಈಗಲೇ ಮಾತಾಡಿಸಿಟ್ಟುಕೊಳ್ಳಿ.

ಮಕ್ಕಳಿಗೆ ಜೀಪು ಗೊತ್ತುಮಾಡುವ ಯೋಚನೆ ಬಂದರೆ, ಬಾಡಿಗೆಗೆ ಓಡಲು ಪರವಾನಗಿ ಇರುವ ಹಳದಿ ಬೋರ್ಡಿನ ಗಾಡಿಯೇ ಆಗಬೇಕು. ಎಫ್‌ಸಿ (ಗಾಡಿಯ ಸುಸ್ಥಿತಿ ಪ್ರಮಾಣಪತ್ರ) ಮತ್ತು ವಿಮೆಯ ಪ್ರತಿ ಮುಖ್ಯೋಪಾಧ್ಯಾಯರ ಹತ್ತಿರ ಇರಲಿ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿ ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು.

ಕುಡಿಯುವ ನೀರಿಗೆ ಆರ್‌ಒ ಯಂತ್ರ ಕೊಡಿಸುವ ದಾನಿಗಳು ಇದ್ದಾರೆ. ಕೊಡಗಿನ ಹೆಚ್ಚಿನ ಕಡೆ ನೀರು ಮೆದು, ಲವಣ ತೆಗೆಯುವ ಯಂತ್ರದ ಅಗತ್ಯವೇ ಇಲ್ಲ. ಇಲ್ಲಿನ ತೊಂದರೆ ಮಳೆಗಾಲದ ಕೆಂಪು ನೀರು ಮತ್ತು ರೋಗಾಣು. ಆರ್‌ಒ ಒಂದಷ್ಟು ನೀರನ್ನು ಚೆಲ್ಲುತ್ತದೆ, ಮೆಂಬ್ರೇನ್ ಕಟ್ಟಿಕೊಂಡಾಗ ಬದಲಿಸಲು ಹಣವಿಲ್ಲದೆ ನಿಲ್ಲುತ್ತದೆ. ವರ್ಷಕ್ಕೆ ಎರಡು ಸಲ ಟ್ಯಾಂಕ್ ತಿಕ್ಕಿ ತೊಳೆಸಿ, ನೀರನ್ನು ತಿಳಿಯಾಗಲು ಬಿಟ್ಟು ಸೋಸಿ, 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆ ಬಿಡುವುದೇ ಸರಿಯಾದ ದಾರಿ. ಕದಡಿದ ನೀರಿಗೆ ಹಾಕಿದ ಕ್ಲೋರಿನ್ ಮಣ್ಣಿನ ಜೊತೆಯೇ ಮುಗಿದುಹೋಗುತ್ತದೆ. ಬಾಯಿ ತೆರೆದಿಟ್ಟ ಪೌಡರ್ ಇಲ್ಲಿನ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಸಣ್ಣ ಪೊಟ್ಟಣಗಳಲ್ಲಿ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ. ಉಳಿಕೆ ಕ್ಲೋರಿನ್ ನೋಡುವ ಕಿಟ್ ಒಂದನ್ನು ಕೊಡಿಸಿದರೆ ಅಂದಾಜಿನ ಕೆಲಸ ತಪ್ಪುತ್ತದೆ.

ಪುಸ್ತಕ ಕೊಡುವುದಾದರೆ ಸಣ್ಣ ವಾಕ್ಯಗಳ ಕನ್ನಡ ಚಿತ್ರಕಥೆಗಳು. ಗೋಡೆಗೆ ತಾಗಿಸಿದ ಕಪಾಟಿನಲ್ಲಿ ಜುಲೈ ಹೊತ್ತಿಗೆ ಬೂಸು ಹಿಡಿಯುತ್ತದೆ. ಗೋಡೆಯಿಂದ ಗೇಣು ದೂರ ಇಟ್ಟ, ಗಾಳಿಯಾಡುವ ತೆರೆದ ಹಲಗೆಯೇ ಒಳ್ಳೆಯದು.

ಹಣ ಕೊಡುವ ಕ್ರಮ: ಆರೋಗ್ಯದ ಕಡೆಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತ ವೈದ್ಯಾಧಿಕಾರಿಗೆ ಪತ್ರ, ತಾಲ್ಲೂಕು ಆರೋಗ್ಯಾಧಿಕಾರಿಗೆ ಪ್ರತಿ. ಆಸ್ಪತ್ರೆಗೆ ಸೇರುವ ವಸ್ತು ಆರೋಗ್ಯ ರಕ್ಷಾ ಸಮಿತಿಯ ಮೂಲಕ ದಾಸ್ತಾನು ವಹಿಗೆ ಏರಬೇಕು. ರೈನ್‌ಕೋಟಿನಂಥದ್ದು ಸಹಿ ಪಟ್ಟಿಯೊಂದಿಗೆ ನೇರ ಕೈಗೆ. ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯ ದಿನ ನಿಮ್ಮ ಪರವಾಗಿ ಒಬ್ಬರು ಹೋಗಿ, ಅಧಿಕಾರಿಗಳು ಎದ್ದುಹೋದ ಮೇಲೆ ಹತ್ತು ನಿಮಿಷ ಅವರನ್ನೇ ಕೇಳಿದರೆ ನಿಜವಾದ ಪಟ್ಟಿ ಸಿಗುತ್ತದೆ. ಒಂದು ಕೇಂದ್ರದ ಎಲ್ಲರಿಗೂ ಕೊಡಿ, ಕೆಲವರನ್ನು ಆರಿಸಿ ಕೊಟ್ಟರೆ ಅವರ ನಡುವೆ ಮನಸ್ತಾಪ ಹುಟ್ಟುತ್ತದೆ. ಶಾಲೆಗಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ, ಸಮಿತಿಯ ಬ್ಯಾಂಕ್ ಖಾತೆಗೇ ಹಾಕಿ ರಸೀದಿ ಪಡೆಯಿರಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪ್ರತಿ ಹೋಗಲಿ. ಬುಡಕಟ್ಟು ಮಕ್ಕಳ ವಸತಿ ಶಾಲೆಗಳಾದ ಆಶ್ರಮ ಶಾಲೆಗಳು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗೆ ಸೇರಿದವು, ಅಲ್ಲಿ ಬಿಇಒ ಒಪ್ಪಿಗೆ ನಡೆಯುವುದಿಲ್ಲ. ಮಕ್ಕಳನ್ನೂ ರೋಗಿಗಳನ್ನೂ ಸಾಲಾಗಿ ನಿಲ್ಲಿಸಿ ಫೋಟೊ ಕೇಳಬೇಡಿ. ಬಿಲ್ಲು ಮತ್ತು ಸಹಿ ಪಟ್ಟಿ ಸಾಕು.

ಮೇಲಿನ ಮೂರು ದೊಡ್ಡ ಖರ್ಚು (ಮಳೆಗಾಲದ ಸಾಮಾನು, ಆಸ್ಪತ್ರೆಯ ಕೋಣೆ, ಶಾಲೆಯ ಸಹಾಯಕಿ) ಸೇರಿ 1 ಲಕ್ಷ 45 ಸಾವಿರ. ಶಾಲೆಯ ಹೆಂಚು, ಟ್ಯಾಂಕ್, ನಲ್ಲಿ ರಿಪೇರಿಗೆ 25 ಸಾವಿರ ಇಡಿ, ಉಳಿದ 30 ಸಾವಿರವನ್ನು ಮುಟ್ಟದೆ ಎರಡನೇ ವರ್ಷದ ಸಹಾಯಕಿಯ ಗೌರವಧನಕ್ಕೆ ಉಳಿಸಿಕೊಳ್ಳಿ.

ಕೊನೆಯದಾಗಿ ನಿಮ್ಮ ಪೌರತ್ವದ ವಿಷಯ. ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಸ್ವಂತ ಉಳಿತಾಯ ಕಾನೂನಿನ ಪ್ರಕಾರ ವಿದೇಶಿ ದೇಣಿಗೆ ಆಗುವುದಿಲ್ಲ. ವಿದೇಶಿ ಪೌರತ್ವ ಪಡೆದ ಒಸಿಐ ಕಾರ್ಡುದಾರರಾದರೆ ಕೊಡಗಿನವರೇ ಆದರೂ ವಿದೇಶಿ ಮೂಲವೆಂದೇ ಲೆಕ್ಕ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಯ ಮೂಲಕ ಹೋಗಬೇಕು, ಹಣ ಅದರ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಬೀಳಬೇಕು. ನೆಂಟರ ಖಾತೆಗೆ ಹಾಕಿ ಅವರಿಂದ ಸಂಸ್ಥೆಗೆ ಕೊಡಿಸುವ ದಾರಿ ಹಿಡಿಯಬೇಡಿ, ತನಿಖೆ ಬಂದರೆ ಸಿಕ್ಕಿಬೀಳುವುದು ಆ ಸಂಸ್ಥೆ. ನಿಮ್ಮ ಪಾಸ್‌ಪೋರ್ಟ್ ಯಾವುದು, ಮನಸ್ಸಿನಲ್ಲಿರುವ ಶಾಲೆ ಎಸ್‌ಡಿಎಂಸಿ ಇರುವುದೋ ಆಶ್ರಮ ಶಾಲೆಯೋ ಎಂದು ತಿಳಿಸಿದರೆ, ಪತ್ರವನ್ನು ಯಾರ ಹೆಸರಿಗೆ ಹೇಗೆ ಬರೆಯಬೇಕೆಂದು ಹೇಳುತ್ತೇನೆ.