ಪುಡಿ ಆಮೇಲೆ, ಮೊದಲು ಮಾತ್ರೆಯ ಲೆಕ್ಕ

ಹಾಸನದ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: “ನಮ್ಮ ಯಜಮಾನರಿಗೆ 54 ವರ್ಷ. ಶುಗರ್ ಬಂದು ಹನ್ನೊಂದು ವರ್ಷವಾಯಿತು. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ಇವೆ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಅಲ್ಲಿನ ಸರ್ಕಾರಿ ಯೋಜನೆ ಸೇರಿ, ಮೂರು ತಿಂಗಳು ಬರೀ ಸೂಪು, ಶೇಕು ಕುಡಿದು ತೂಕ ಇಳಿಸಿ ಮಾತ್ರೆ ಬಿಟ್ಟಿದ್ದಾನೆ. ಇಲ್ಲಿ ಅಂಥದೇ ಪುಡಿಯ ಪ್ಯಾಕೇಜಿಗೆ ಅರ್ಧ ಲಕ್ಷ ಕೇಳುತ್ತಾರೆ. ರಾಗಿ ಅಂಬಲಿ ಕುಡಿದು ಮನೆಯಲ್ಲೇ ಮಾಡಿಕೊಂಡರಾಗದೇ?”

ನಿಮ್ಮ ತಮ್ಮ ಹೇಳಿದ್ದು ಬುರುಡೆಯಲ್ಲ. ಆ ಯೋಜನೆಗೆ ಆಧಾರವಾದ, ಬ್ರಿಟನ್ನಿನ ವೈದ್ಯ ಸಂಶೋಧಕರಾದ ಗ್ಲಾಸ್ಗೋದ ಮೈಕ್ ಲೀನ್ ಮತ್ತು ನ್ಯೂಕಾಸಲ್‌ನ ರಾಯ್ ಟೇಲರ್ ನಡೆಸಿದ ‘ಡೈರೆಕ್ಟ್’ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಟೈಪ್ 2 ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಸೂಪು, ಶೇಕು ಬಿಟ್ಟರೆ ಬೇರೆ ಊಟವಿಲ್ಲ. ಆಮೇಲೆ ಊಟವನ್ನು ಹಂತಹಂತವಾಗಿ ಮರಳಿ ಕೊಟ್ಟು, ಮುಂದೆಯೂ ತಿಂಗಳುಗಟ್ಟಲೆ ಬೆನ್ನು ಹತ್ತಿದರು. ವರ್ಷದ ಕೊನೆಗೆ ಶೇ 46ರಷ್ಟು ಜನ ಮಾತ್ರೆಯಿಲ್ಲದೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.5ಕ್ಕಿಂತ ಕೆಳಗೆ ಇಟ್ಟುಕೊಂಡಿದ್ದರು. 15 ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಂತೂ ಶೇ 86. ಆದರೆ ಎರಡನೇ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿಯಿತು. ಜಾಹೀರಾತಿನವರು ಮೊದಲನೆಯ ಅಂಕಿ ಹೇಳುತ್ತಾರೆ, ಎರಡನೆಯದನ್ನು ನುಂಗುತ್ತಾರೆ.

ಅವರು ಹೇಳದ ಇನ್ನೊಂದು ವಿಷಯ ನಿಮ್ಮ ಮನೆಗೇ ಸಂಬಂಧಿಸಿದ್ದು. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಕಾಯಿಲೆ ಬಂದು ಆರು ವರ್ಷದೊಳಗಿನವರನ್ನು, ಇನ್ಸುಲಿನ್ ಇಲ್ಲದವರನ್ನು. ಯಕೃತ್ತಿನಲ್ಲಿ, ಮೇದೋಜೀರಕದಲ್ಲಿ ಸೇರಿಕೊಂಡ ಕೊಬ್ಬು ಕರಗಿದರೆ ಇನ್ಸುಲಿನ್ ತಯಾರಿಸುವ ಕೋಶಗಳು ಚೇತರಿಸಿಕೊಳ್ಳುತ್ತವೆ. ವರ್ಷಗಳು ಉರುಳಿದಷ್ಟೂ ಆ ಚೇತರಿಕೆ ಕಷ್ಟ. ಹನ್ನೊಂದು ವರ್ಷದ ಮೇಲೆ ತೂಕ ಇಳಿಸಿದರೆ ಲಾಭವಿಲ್ಲ ಎಂದಲ್ಲ: ಶುಗರ್, ಬಿಪಿ ಹತೋಟಿಗೆ ಬರಬಹುದು, ಮಾತ್ರೆ ಕಡಿಮೆಯಾಗಬಹುದು. ಪೂರ್ತಿ ಬಿಡಿಸುತ್ತೇವೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ಮಾತ್ರ ನಂಬಬೇಡಿ.

ನನಗೆ ಭಯವಾದದ್ದು ಗ್ಲಿಮಿಪಿರೈಡ್ ಹೆಸರು ಓದಿದಾಗ. ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುವ ಮಾತ್ರೆ ಅದು. ಬೆಳಿಗ್ಗೆ ಅದನ್ನು ನುಂಗಿ ಒಂದು ಲೋಟ ಅಂಬಲಿಯಲ್ಲಿ ದಿನ ದೂಡಿದರೆ, ಮಧ್ಯಾಹ್ನದ ಹೊತ್ತಿಗೆ ಕೈ ನಡುಕ, ಬೆವರು, ಕಣ್ಣು ಕತ್ತಲೆ. ಸ್ಕೂಟರ್ ಮೇಲಿದ್ದರೆ ಗತಿಯೇನು? ಡೈರೆಕ್ಟ್‌ನಲ್ಲಿ ಆಹಾರ ಬದಲಾದ ದಿನವೇ ಶುಗರ್ ಮಾತ್ರೆ, ಬಿಪಿ ಮಾತ್ರೆ ನಿಲ್ಲಿಸಿದ್ದರು, ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ. ನಿಮ್ಮ ತಮ್ಮನ ಯೋಜನೆಯಲ್ಲಿ ಬೆಲೆಬಾಳುವುದು ಈ ಕಾವಲು ಮತ್ತು ವರ್ಷವಿಡೀ ವಿಚಾರಿಸುವ ತರಬೇತುದಾರರು; ಪುಡಿ ನೆಪಮಾತ್ರ. ಅರ್ಧ ಲಕ್ಷ ಕೇಳುವವರನ್ನು ಎರಡೇ ಮಾತು ಕೇಳಿ: ಮಾತ್ರೆ ಬದಲಿಸುವ ವೈದ್ಯರು ಯಾರು, ನಾಲ್ಕನೇ ತಿಂಗಳಿಂದ ಏನು? ತಡವರಿಸಿದರೆ ಎದ್ದು ಬನ್ನಿ.

ಇನ್ನು ರಾಗಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ. ಅಷ್ಟು ಹಿಟ್ಟಿನ ಎರಡು ಮುದ್ದೆ ಮುರಿದರೆ 640 ಅಲ್ಲೇ ಮುಗಿಯಿತು, ಸಾರು, ಒಗ್ಗರಣೆಯ ಎಣ್ಣೆ ಲೆಕ್ಕಕ್ಕೇ ಬಂದಿಲ್ಲ. (ಹಾಸನದವರಿಗೆ ಈ ಮಾತು ಹೇಳುವುದು ಕಷ್ಟದ ಕೆಲಸ.) ಬರೀ ಅಂಬಲಿಯಲ್ಲಿ ಪ್ರೋಟೀನೂ ಸಾಲದು. ಮನೆ ಊಟದಲ್ಲೇ ಮಾಡಬಹುದು, ನನಗೂ ಅದೇ ಇಷ್ಟ. ಕಾಳು, ಸೊಪ್ಪು, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ, ಒಂದು ಸಣ್ಣ ಮುದ್ದೆ. ಅಳತೆಯನ್ನು ಡಯಟಿಷಿಯನ್ ಹಾಕಿಕೊಡಲಿ.

ಪತ್ರದಲ್ಲಿ ಎಲ್ಲ ಇದೆ, ಅವರ ತೂಕ ಒಂದು ಬಿಟ್ಟು! ಇಂಗ್ಲೆಂಡಿನ ಯೋಜನೆಗೆ ಬಿಳಿಯರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕನಿಷ್ಠ 27 ಇರಬೇಕು, ನಮ್ಮಂಥ ಏಷ್ಯಾದವರಿಗೆ 25 ಸಾಕು. ನಾವು ಸಣ್ಣಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಕೂತಿರುತ್ತದೆ. ಟೇಲರ್ ಅವರದೇ ಇನ್ನೊಂದು ಚಿಕ್ಕ ಅಧ್ಯಯನದಲ್ಲಿ ಅಷ್ಟೇನೂ ದಪ್ಪವಿಲ್ಲದ 20 ಜನರ ಪೈಕಿ 14 ಮಂದಿ, ಶೇ 10ರಷ್ಟು ತೂಕ ಇಳಿಸಿ ಮಾತ್ರೆಯಿಂದ ಹೊರಬಂದರು.

ಹಾಗಾಗಿ ಮಾತ್ರೆಯ ಚೀಟಿ ಹಿಡಿದು ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಶುರು ಮಾಡುವ ಮುನ್ನ ಕಣ್ಣಿನ ಹಿಂಪರದೆ, ಕಿಡ್ನಿಯ ಪರೀಕ್ಷೆ ಆಗಲಿ. ತಮ್ಮನಿಗೂ ಫೋನಿನಲ್ಲಿ ಹೇಳಿ: ಮಾತ್ರೆ ಬಿಟ್ಟಿದ್ದರೂ ವರ್ಷಕ್ಕೊಮ್ಮೆ ಎಚ್‌ಬಿಎ1ಸಿ ಮಾಡಿಸಬೇಕು, ಕಣ್ಣಿನ ತಪಾಸಣೆಗೆ ಕರೆದಾಗ ತಪ್ಪಿಸಬಾರದು.

– ಸಂ.